ಬಾಳೆಗುಂಡಿ ಕಟ್ಟವನ್ನು ‘ಪರಿಶೀಲಿಸಿದ’ ಅಧ್ಯಕ್ಷರಿಗೆ

ಬಾಳೆಗುಂಡಿ ಹೊಳೆಬದಿ ಕೃಷಿಕರ ಹಿತರಕ್ಷಣಾ ಸಮಿತಿಯ ಸ್ಥಾಪಕ ಅಧ್ಯಕ್ಷರೂ, ಹಾಲಿ ಅಧ್ಯಕ್ಷರೂ, ನಡುವೆ ಬೇರೆ ಯಾರೂ ಅಧ್ಯಕ್ಷರಾಗದಂತೆ ನೋಡಿಕೊಂಡವರೂ, ಈ ಪತ್ರ ಬರೆಯುತ್ತಿರುವವಳ ಗಂಡನೂ ಆದ ಶ್ರೀ ಬೋಜಪ್ಪ ಗೌಡರ ಸನ್ನಿಧಿಗೆ.

ಮಾನ್ಯರೇ,

ತಮ್ಮದೇ ಮನೆಯ ಅಡುಗೆಕೋಣೆಯಿಂದ ಶೀಲಾವತಿ ಸಲ್ಲಿಸುವ ನಮಸ್ಕಾರಗಳನ್ನು ಜಗಲಿಯಲ್ಲಿ ಕುಳಿತಲ್ಲಿಯೇ ಸ್ವೀಕರಿಸಬೇಕು. ನಮ್ಮಿಬ್ಬರ ನಡುವೆ ಒಂದು ಗೋಡೆ ಬಿಟ್ಟರೆ ಬೇರೆ ಅಡ್ಡಿಯಿಲ್ಲದಿದ್ದರೂ, ಬಾಯಿಬಿಟ್ಟು ಹೇಳಬಹುದಾದ್ದನ್ನು ಕಾಗದದಲ್ಲಿ ಬರೆಯುವ ಉದ್ಧಟತನಕ್ಕೆ ಕಾರಣ ತಾವೇ. ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ನಾನು ಈ ವಿಷಯ ಎತ್ತಿದ ಕೂಡಲೇ “ಸಮಿತಿಯ ಬಗ್ಗೆ ಎಂತ ಹೇಳುದಿದ್ದರೂ ಲಿಖಿತವಾಗಿ ಕೊಡು” ಎಂದು ಅಪ್ಪಣೆ ಕೊಡಿಸಿ, ಮಜ್ಜಿಗೆಗಾಗಿ ಕೈ ಸನ್ನೆ ಮಾಡಿದಿರಿ. ಮಜ್ಜಿಗೆ ಅಂದೇ ಬಡಿಸಿದ್ದೆ, ಲಿಖಿತ ಇದೀಗ ಬಡಿಸುತ್ತಿದ್ದೇನೆ. ‘ಎಲ್ಲವೂ ಪಾರದರ್ಶಕವಾಗಿರಬೇಕು’ ಎಂಬುದು ತಮ್ಮ ಪ್ರತಿಯೊಂದು ಭಾಷಣದ ಪ್ರೀತಿಯ ಸಾಲಾದ್ದರಿಂದ, ಇದರ ಇನ್ನೊಂದು ಪ್ರತಿಯನ್ನು ಹಾಲಿನ ಸೊಸೈಟಿಯ ಗೋಡೆಗೆ ಅಂಟಿಸುತ್ತಿದ್ದೇನೆ. ಬೆಳಗ್ಗೆ ಹಾಲು ಅಳೆಸಲು ಬರುವವರಿಗೂ ಹೊತ್ತು ಹೋಗಬೇಕಲ್ಲ.

ಮೊದಲಿಗೆ ತಮ್ಮ ಸಮಿತಿಯ ಸಾಧನೆಗಳನ್ನು ಕೊಂಡಾಡದೆ ದೂರು ಹೇಳುವುದು ಸಭ್ಯತೆಯಲ್ಲ. ಐವರ್ನಾಡಿನ ಈ ಮೂಲೆಯಲ್ಲಿ ಹಿಂದೆ ಮೇ ತಿಂಗಳವರೆಗೂ ಕಾಲು ನೆನೆಯುವಷ್ಟಾದರೂ ಹರಿಯುತ್ತಿದ್ದ ಬಾಳೆಗುಂಡಿ ತೋಡು ಈಗೀಗ ಶಿವರಾತ್ರಿ ಹೊತ್ತಿಗೇ ಬರಿಯ ಕಲ್ಲಾಗಿ ಮಲಗುತ್ತದೆ. ಮಳೆ ಬಂದರೆ ಆಕಾಶ ಹರಿದಂತೆ ಬಂದು ಗುಡ್ಡದ ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ, ಹೋದ ಮೇಲೆ ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಬೇಸಗೆಯಲ್ಲಿ ತೋಡಿನ ಆಚೆ ಬದಿಯ ಬೀಫಾತುಮ್ಮನವರ ಬಾವಿಗೆ ಕೊಡಪಾನ ಇಳಿಸಿದರೆ ಕೆಸರು ಬರುತ್ತದೆ. ಮೊಣಕಾಲು ನೋವಿನ ಆ ಹೆಂಗಸು, ಮೊಮ್ಮಗಳು ಮಿಸ್ರಿಯಾಳ ಹೆಗಲು ಹಿಡಿದುಕೊಂಡು, ಟ್ಯಾಂಕರು ನಿಲ್ಲುವ ರಸ್ತೆಯವರೆಗೆ ಏರು ಹತ್ತುವುದನ್ನು ನಮ್ಮ ಅಂಗಳದಿಂದಲೇ ಕಾಣಬಹುದು. ಇಂಥ ಆಪತ್ತಿನ ಎದುರು ತಮ್ಮ ಸಮಿತಿ ಕೈಕಟ್ಟಿ ಕುಳಿತಿತೆಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರುವವಳಲ್ಲ. ವರ್ಷ ವರ್ಷವೂ ತಾವು ತೀವ್ರ ಕಳವಳ ವ್ಯಕ್ತಪಡಿಸಿದ್ದೀರಿ. ಸರಕಾರ ಒಂದು ಕಿಂಡಿ ಅಣೆಕಟ್ಟು ಕಟ್ಟಿಕೊಡಲಿ ಎಂದು ಮನವಿ ಕೊಟ್ಟು, ಮನವಿ ಕೊಡುವ ಫೋಟೋವನ್ನೂ ತೆಗೆಸಿದ್ದೀರಿ. ಹವಾಮಾನ ಬದಲಾವಣೆಯನ್ನು ಖಂಡಿಸಿ ಸರ್ವಾನುಮತದ ಠರಾವು ಮಾಡಿದ್ದೀರಿ. ಅದರ ಒಂದು ಪ್ರತಿಯನ್ನು ಅರಬ್ಬಿ ಸಮುದ್ರಕ್ಕೆ ಕಳುಹಿಸಲು ಮರೆತದ್ದೊಂದೇ ಲೋಪ, ಇಲ್ಲವಾದರೆ ಮೋಡಗಳು ಇಷ್ಟರಲ್ಲೇ ತಪ್ಪೊಪ್ಪಿಕೊಂಡು ಸರದಿಯಲ್ಲಿ ಬರುತ್ತಿದ್ದವು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ತಾವು ಊರಿನ ಸಭಾಭವನದಲ್ಲಿ ‘ಹವಾಮಾನ ಬದಲಾವಣೆ ಮತ್ತು ಯುವಜನರ ಪಾತ್ರ’ ಎಂಬ ವಿಚಾರಗೋಷ್ಠಿ ನಡೆಸಿದ್ದು ಎಲ್ಲರಿಗೂ ನೆನಪಿದೆ. ಯುವಜನರಿಗೆ ಅಂದು ನಿಜವಾಗಿಯೂ ಬಹಳ ಪಾತ್ರವಿತ್ತು. ಕುರ್ಚಿ ಜೋಡಿಸಿದ್ದು ಅವರು, ಮೈಕ್ ಕಟ್ಟಿದ್ದು ಅವರು, ಬಂದವರಿಗೆಲ್ಲ ಪ್ಲಾಸ್ಟಿಕ್ ಬಾಟಲಿಯ ನೀರು ಹಂಚಿದ್ದೂ ಅವರೇ. ವೇದಿಕೆಯಲ್ಲಿ ಮಾತ್ರ ಅರುವತ್ತು ದಾಟದವರು ಒಬ್ಬರೂ ಇರಲಿಲ್ಲ. ಕೊನೆಗೆ ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದು ತಾವು ಔದಾರ್ಯ ತೋರಿಸಿದಾಗ, ಸುಳ್ಯದಲ್ಲಿ ಡಿಗ್ರಿ ಓದುತ್ತಿರುವ ನಮ್ಮ ಮಗಳು ಭವಿತಾ ಹಿಂದಿನ ಸಾಲಿನಲ್ಲಿ ಎದ್ದು ನಿಂತಳು.

“ಮೊದಲೆಲ್ಲ ಮಳೆ ಬಿಟ್ಟ ಮೇಲೆ ಊರವರೇ ಸೇರಿ ತೋಡಿಗೆ ಮಣ್ಣು, ಕಲ್ಲು ಹಾಕಿ ಕಟ್ಟ ಕಟ್ಟುತ್ತಿದ್ದರಂತೆ. ನೀರು ಅಲ್ಲೇ ನಿಂತು ಇಂಗುತ್ತಿತ್ತಂತೆ. ಈಗ ಯಾಕೆ ಕಟ್ಟುದಿಲ್ಲ?” ಎಂದಳು.

ತಾವು ಮುಗುಳ್ನಕ್ಕು, “ಒಳ್ಳೆಯ ಪ್ರಶ್ನೆ. ಉಪಸಮಿತಿಗೆ ಒಪ್ಪಿಸುವಾ” ಎಂದಿರಿ.

“ಉಪಸಮಿತಿಯಲ್ಲಿ ಯಾರಿದ್ದಾರೆ?”

“ಅದನ್ನು ರಚಿಸಬೇಕಷ್ಟೆ.”

ಸಭೆ ನಕ್ಕಿತು. ಬೀಫಾತುಮ್ಮ ನಗಲಿಲ್ಲ. ಹೊರಗೆ ಬರುವಾಗ ಅವರು ಭವಿತಾಳ ಕೈ ಹಿಡಿದು, “ಉಪಸಮಿತಿ ಆಗುವಾಗ ನಾನು ಇರ್ತೇನೋ ಇಲ್ವೋ. ಕಟ್ಟ ಕಟ್ಟುದಾದರೆ ಹೇಳು ಮಗಾ, ಚಹಾ ನಂದು” ಎಂದರು. ಮನೆಗೆ ಬಂದ ಭವಿತಾ ಊಟವನ್ನು ಅರ್ಧಕ್ಕೆ ಬಿಟ್ಟೆದ್ದು ಮಿಸ್ರಿಯಾಳಿಗೆ ಫೋನು ಮಾಡಿದಳು. ತಾವು ಅದನ್ನು ಗಮನಿಸಿರಲಾರಿರಿ, ಗೋಷ್ಠಿಯ ವರದಿ ಪೇಪರಿನಲ್ಲಿ ಯಾವ ಪುಟಕ್ಕೆ ಬಂದೀತು ಎಂಬ ಹೆಚ್ಚಿನ ಚಿಂತೆಯಲ್ಲಿ ತಾವಿದ್ದಿರಿ.

ಮುಂದಿನ ಭಾನುವಾರ ತೋಡಿನ ಬದಿಯಲ್ಲಿ ನಡೆದದ್ದು ಸಮಿತಿಯ ನಿಯಮಾವಳಿಗೆ ಸಂಪೂರ್ಣ ವಿರುದ್ಧವಾಗಿತ್ತೆಂದು ನಾನು ಒಪ್ಪುತ್ತೇನೆ. ಅಧ್ಯಕ್ಷರಿಲ್ಲ, ಸ್ವಾಗತ ಭಾಷಣವಿಲ್ಲ, ದೀಪ ಬೆಳಗಿಸಿದವರಿಲ್ಲ. ಭವಿತಾ, ಮಿಸ್ರಿಯಾ, ಕೊಲ್ಲಮೊಗ್ರಿನಿಂದ ಕಡಬಕ್ಕೆ ಪಿಕಪ್‌ನಲ್ಲಿ ರಬ್ಬರ್ ಶೀಟು ಸಾಗಿಸುವ ಆಶಿಕ್, ಮತ್ತೆ ಅವರ ಓರಗೆಯ ಹುಡುಗ ಹುಡುಗಿಯರು ಒಂದಷ್ಟು ಮಂದಿ. ದನದ ಹಿಂಡಿಯ ಖಾಲಿ ಚೀಲಗಳನ್ನು ಮನೆ ಮನೆಗೆ ಹೋಗಿ ಬೇಡಿ ತಂದರು, ಅದಕ್ಕೆ ಮಣ್ಣು ತುಂಬಿದರು, ಹಳೆಯ ಕಟ್ಟದ ಕಲ್ಲುಗಳು ಉಳಿದಿದ್ದ ಜಾಗದಲ್ಲೇ ಎರಡು ಸಾಲಾಗಿ ಪೇರಿಸಿದರು. ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜಗಳ ಮಾಡಿದರು, ನಕ್ಕರು, ಕೆಸರಲ್ಲಿ ಬಿದ್ದರು. ಸಂಜೆ ಭವಿತಾ ಮನೆಗೆ ಬಂದಾಗ ಅವಳ ಅಂಗೈಯಲ್ಲಿ ಬೊಕ್ಕೆಗಳಿದ್ದವು. ತಾವು ಅದನ್ನು ನೋಡಿ, “ಇದರ ಬದಲು ಒಂದು ಬೀದಿ ನಾಟಕ ಮಾಡಬಹುದಿತ್ತು. ಜಾಗೃತಿ ಮೂಡಿಸುದು ನಿಮ್ಮ ಕೆಲಸ, ಕಟ್ಟುದು ದೊಡ್ಡವರ ಕೆಲಸ” ಎಂದಿರಿ. ಜಾಗೃತಿ ಈಗಾಗಲೇ ಮೂಡಿ, ಹಲ್ಲುಜ್ಜಿ, ಸ್ನಾನ ಮಾಡಿ, ದೊಡ್ಡವರಿಗಾಗಿ ಬಾಗಿಲಲ್ಲಿ ಕಾಯುತ್ತಿರುವುದು ತಮಗೆ ಕಾಣದಿದ್ದದ್ದು ಕಣ್ಣಿನ ಪೊರೆಯಿಂದಲೇ ಇರಬೇಕೆಂದು ನಾನು ಭಾವಿಸಿದೆ.

ಹಾಗೆ ಕಟ್ಟಿದ ಕಟ್ಟ ಡಿಸೆಂಬರಿನ ಅಕಾಲ ಮಳೆಗೆ ಒಡೆದು ಹೋಯಿತು. ಹಗಲಲ್ಲೇ, ಎಲ್ಲರ ಕಣ್ಣೆದುರಲ್ಲೇ, ಚೀಲಗಳು ಒಂದರ ಹಿಂದೆ ಒಂದು ಮಗುಚಿಕೊಂಡು ಹೋದವು. ಆ ದಿನ ತಾವು ಕೊಡೆ ಹಿಡಿದು ದಡದವರೆಗೆ ಬಂದು ಸಂತಾಪ ಸೂಚಿಸಿದ ರೀತಿಯನ್ನು ನಾನು ಮರೆಯಲಾರೆ. ಅಷ್ಟು ಸಂತೋಷದ ಸಂತಾಪವನ್ನು ನಾನು ಯಾವ ಮರಣದ ಮನೆಯಲ್ಲೂ ಕಂಡಿಲ್ಲ. “ಇದಕ್ಕೆಲ್ಲ ತಾಂತ್ರಿಕ ಜ್ಞಾನ ಬೇಕು ಮಕ್ಕಳೇ” ಎಂದು ಹೇಳಿ, ಉಪಸಮಿತಿಯ ಅಗತ್ಯ ಈಗಲಾದರೂ ಮನವರಿಕೆಯಾಗಿರಬೇಕೆಂದು ತಿಳಿಸಿ, ಸಂಜೆಯ ಚಹಾಕ್ಕೆ ಎರಡು ಗೋಳಿಬಜೆ ಹೆಚ್ಚೇ ತಿಂದಿರಿ. ಮಿಸ್ರಿಯಾ ಮಾತ್ರ ಮಳೆಯಲ್ಲಿ ನೆನೆಯುತ್ತಾ ನಿಂತು ಅಳುತ್ತಿದ್ದಳು. ಅಜ್ಜಿಯ ಬಾವಿಗೆ ನೀರು ಬರಿಸುತ್ತೇನೆಂದು ಅವಳು ಮಾತು ಕೊಟ್ಟಿದ್ದಳಂತೆ.

ಅವರು ಪುನಃ ಕಟ್ಟಿದರು. ಈ ಸಲ ತಳಕ್ಕೆ ದೊಡ್ಡ ಕಲ್ಲು, ಎರಡು ಸಾಲು ಚೀಲಗಳ ನಡುವೆ ತುಳಿದು ಗಟ್ಟಿ ಮಾಡಿದ ಮಣ್ಣು, ಹೆಚ್ಚಾದ ನೀರು ದಾಟಿ ಹೋಗಲು ನಡುವಿನಲ್ಲಿ ತಗ್ಗು. ಪಂಜದ ಹತ್ತಿರ ಕಟ್ಟ ಕಟ್ಟುವ ಊರೊಂದಕ್ಕೆ ಆಶಿಕ್‌ನ ಪಿಕಪ್‌ನಲ್ಲಿ ಹೋಗಿ ನೋಡಿ, ಕೇಳಿ, ಕಲಿತು ಬಂದಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ ಇನ್ನೊಬ್ಬರನ್ನು ಕೇಳುವ ಈ ಕೆಟ್ಟ ಚಾಳಿಯನ್ನು ಅವರು ನಮ್ಮ ಮನೆಯಲ್ಲಿ ಕಲಿತದ್ದಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಮಕರ ಸಂಕ್ರಾಂತಿ ಹೊತ್ತಿಗೆ ನೀರು ನಿಂತಿತು. ತೋಡು ಅಗಲವಾಯಿತು. ನಮ್ಮ ಅಂಗಳದಿಂದ ನೋಡಿದರೆ ಆಚೆ ದಡದ ತೆಂಗಿನ ಮರಗಳ ನೆರಳು ನೀರಿನಲ್ಲಿ ಕಾಣುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಕಂಡಿದ್ದೆ ಅದನ್ನು.

ಇನ್ನು ತಮ್ಮ ‘ಪರಿಶೀಲನೆ’ಯ ವಿಚಾರ.

ಜನವರಿಯ ಒಂದು ಮಧ್ಯಾಹ್ನ, ಮಕ್ಕಳೆಲ್ಲ ಕಾಲೇಜು, ಕೆಲಸ ಎಂದು ಹೋಗಿರುವ ಹೊತ್ತು ನೋಡಿ, ತಾವು ಲುಂಗಿ ಎತ್ತಿ ಕಟ್ಟಿ, ಹಾರೆ ಹಿಡಿದು ತೋಡಿಗೆ ಇಳಿದಿರಿ. ಕಟ್ಟದ ಮೇಲಿನ ಚೀಲಗಳನ್ನು ಮೀಟಿ ಮೀಟಿ ಎಬ್ಬಿಸಿ ಕೆಳಕ್ಕೆ ಉರುಳಿಸತೊಡಗಿದಿರಿ. ಯಾರಾದರೂ ಕೇಳಿದರೆ ‘ಗಟ್ಟಿ ಉಂಟಾ ಎಂದು ಪರಿಶೀಲನೆ ಮಾಡಿದ್ದು’ ಎಂದು ಹೇಳುವ ಸಿದ್ಧತೆಯೂ ಇತ್ತು, ಸಂಜೆ ಹಾಗೆಯೇ ಹೇಳಿದಿರಿ ಕೂಡ. ಹಾರೆಯಿಂದ ಮೀಟಿದರೆ ಬೀಳುತ್ತದೋ ಎಂದು ನೋಡುವುದೇ ಪರಿಶೀಲನೆಯಾದರೆ, ತಮ್ಮ ಕುರ್ಚಿಯನ್ನೂ ಒಮ್ಮೆ ಹಾಗೆ ಪರಿಶೀಲಿಸಲು ಸಮಿತಿ ಅನುಮತಿ ಕೊಡಬೇಕೆಂದು ಈ ಮೂಲಕ ಪ್ರಾರ್ಥಿಸುತ್ತೇನೆ.

ಅಂದು ಭವಿತಾಳಿಗೆ ಮಧ್ಯಾಹ್ನದ ನಂತರ ಕ್ಲಾಸು ಇರಲಿಲ್ಲ. ಬಸ್ಸಿಳಿದು ತೋಡು ದಾಟುವ ಸಂಕದ ಹತ್ತಿರ ಬಂದವಳು ತಮ್ಮನ್ನು ಕಂಡಳು. ನಾನು ಸೊಪ್ಪಿನ ಕಟ್ಟು ಹೊತ್ತುಕೊಂಡು ಗುಡ್ಡ ಇಳಿಯುತ್ತಿದ್ದವಳು ಇಬ್ಬರನ್ನೂ ಕಂಡೆ. ಅವಳು ಕಿರುಚಲಿಲ್ಲ. ಬ್ಯಾಗು ದಡದಲ್ಲಿಟ್ಟು, ಚಪ್ಪಲಿ ಬಿಚ್ಚಿ, ನೀರಿಗಿಳಿದು ಬಂದು, ತಾವು ಮೀಟಲು ಹೊರಟಿದ್ದ ಚೀಲದ ಮೇಲೆ ನಿಂತಳು.

“ಅಪ್ಪ, ಎಂತ ಇದು?”

“ನೀನು ಮನೆಗೆ ಹೋಗು.”

“ತೋಟಕ್ಕೆ ನೀರು ನಿಲ್ತದೆ ಅಂತ ಹೆದರಿಕೆಯಾ?”

ತಮ್ಮ ಉತ್ತರದ ಅಗತ್ಯವಿರಲಿಲ್ಲ, ನಮ್ಮ ತೋಟದ ಕೆಳಗಿನ ಸಾಲಿನ ಅಡಿಕೆ ಮರಗಳ ಬುಡಕ್ಕೆ ನೀರು ತಾಗುತ್ತಿದ್ದದ್ದು ನನಗೂ ಕಾಣುತ್ತಿತ್ತು. ಆ ಸಾಲು ಮಾವನವರು ನೆಟ್ಟದ್ದು. ಒಂದು ವರ್ಷದ ನೆರೆಗೆ ಅದರಲ್ಲಿ ಅರ್ಧ ಮರಗಳು ಬೇರುಸಮೇತ ಹೋದಾಗ ತಾವು ಊಟ ಬಿಟ್ಟಿದ್ದು ನನಗೆ ಗೊತ್ತು. ಆ ಹೆದರಿಕೆಯನ್ನು ನಾನು ಹಾಸ್ಯ ಮಾಡುವುದಿಲ್ಲ. ಆದರೆ ಊರಿನ ಎಲ್ಲರ ಹಿತ ರಕ್ಷಿಸುವ ಅಧ್ಯಕ್ಷರಿಗೆ ತಮ್ಮದೊಂದು ಸಾಲಿನ ಹೆದರಿಕೆಯನ್ನು ಇಪ್ಪತ್ತರ ಮಕ್ಕಳ ಮುಂದೆ ಹೇಳಿಕೊಳ್ಳುವುದು ಹಾರೆ ಎತ್ತುವುದಕ್ಕಿಂತ ಭಾರವಾಯಿತೇ?

“ತೆಗೀರಿ ಅಪ್ಪ. ನೀವು ಇವತ್ತು ತೆಗೀರಿ, ನಾವು ನಾಳೆ ಪುನಃ ಇಡ್ತೇವೆ. ನೀವು ನಾಡಿದ್ದು ತೆಗೀರಿ, ಆಚೆ ನಾಡಿದ್ದು ಪುನಃ ಇಡ್ತೇವೆ. ನಮಗೆ ವಯಸ್ಸುಂಟು” ಎಂದು ಹೇಳಿ ಅವಳು ಚೀಲದಿಂದ ಕೆಳಗಿಳಿದು ದಾರಿ ಬಿಟ್ಟಳು.

ತಾವು ಇನ್ನೊಂದು ಚೀಲವನ್ನು ಉರುಳಿಸಿದಿರಿ. ಅದನ್ನು ಉರುಳಿಸದೆ ಇದ್ದಿದ್ದರೆ ಈ ಪತ್ರ ಇರುತ್ತಿರಲಿಲ್ಲ.

ಕಟ್ಟಿ ನಿಲ್ಲಿಸಿದ್ದ ನೀರು ಆ ಸಂದಿನಿಂದ ಸದ್ದು ಮಾಡುತ್ತಾ ಹೋಗತೊಡಗಿತು. ಸೊಪ್ಪಿನ ಕಟ್ಟನ್ನು ದಾರಿಯಲ್ಲೇ ಹಾಕಿ ನಾನು ಕೆಳಗಿಳಿದು ಬಂದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉರುಳಿ ಬಿದ್ದಿದ್ದ ಚೀಲದ ಒಂದು ತುದಿ ಹಿಡಿದೆ. ಒದ್ದೆ ಮಣ್ಣಿನ ಚೀಲ ಎಷ್ಟು ಭಾರ ಎಂಬುದು ಅಂದೇ ಗೊತ್ತಾದದ್ದು. ಭವಿತಾ ಇನ್ನೊಂದು ತುದಿ ಹಿಡಿದಳು. ತಾವು ಹಾರೆ ಊರಿಕೊಂಡು ನೋಡುತ್ತಾ ನಿಂತಿದ್ದಿರಿ. ಆಚೆ ದಡದಿಂದ ಬೀಫಾತುಮ್ಮ, “ಗೌಡ್ರೆ, ನಿಂತದ್ದೆಂತಕೆ ಮಾರಾಯ್ರೆ, ಒಂದು ಕೈ ಹಾಕಿ” ಎಂದು ಕೂಗಿದರು. ತಾವು ಪರಿಶೀಲನೆಗೆ ಬಂದವರೆಂದು ಪಾಪ ಅವರಿಗೆ ಗೊತ್ತಿರಲಿಲ್ಲ, ಸಹಾಯಕ್ಕೆ ಬಂದವರೆಂದು ತಿಳಿದಿದ್ದರು. ತಾವು ಹಾರೆ ಹೆಗಲಿಗೇರಿಸಿ ಮನೆಗೆ ಹೋದಿರಿ.

ಆ ಸಂಜೆ ಮನೆಯಲ್ಲಿ ಒಲೆ ಉರಿಯಲಿಲ್ಲ. ತಾವು ಬೆಳಗ್ಗಿನ ತಣ್ಣಗಿನ ದೋಸೆ ತಿಂದಿರಿ ಎಂದು ಕೇಳಿ ನನಗೆ ಆದ ದುಃಖವನ್ನು ಹೇಳಲು ನಾನು ಮನೆಯಲ್ಲಿರಲಿಲ್ಲ, ತೋಡಿನಲ್ಲಿದ್ದೆ. ಸುದ್ದಿ ತಿಳಿದು ಆಶಿಕ್ ಬಂದ, ಮಿಸ್ರಿಯಾ ಬಂದಳು, ಅವರ ಹಿಂದೆ ಅವರ ತಾಯಂದಿರೂ ಬಂದರು. ಕತ್ತಲಾಗುವ ಮೊದಲು ಸಂದು ಮುಚ್ಚಿತು. ಭವಿತಾ ತೋಟದ ಬುಡದವರೆಗೆ ಹೋಗಿ ನೋಡಿ ಬಂದು, ಉಳಿದವರ ಹತ್ತಿರ ಮಾತಾಡಿ, ಕಟ್ಟದ ಮೇಲಿನ ಒಂದು ವರಸೆ ಚೀಲವನ್ನು ಪೂರ್ತಿ ತೆಗೆಸಿದಳು. ನೀರು ಒಂದು ಗೇಣು ಇಳಿಯಿತು. ಮಾವನವರ ಸಾಲಿನ ಬುಡ ಒಣಗಿತು. ಆಶಿಕ್ ಮರುದಿನ ಜಗಲಿಯವರೆಗೆ ಬಂದು ತಮಗೆ ಹೇಳಿದ ಮಾತನ್ನು ಸಮಿತಿಯ ನಡಾವಳಿಯಲ್ಲಿ ದಾಖಲಿಸಬೇಕೆಂದು ಕೋರುತ್ತೇನೆ: “ಮೊದಲೇ ಹೇಳುದಲ್ವಾ ಗೌಡ್ರೆ, ಒಂದು ವರಸೆ ಕಡಿಮೆ ಇಡ್ತಿದ್ದೆವು.” ಅಷ್ಟೇ. ತಾವು ಪೇಪರಿನ ಪುಟ ಮಗುಚಿದಿರಿ.

ಏಪ್ರಿಲ್‌ನಲ್ಲಿ ಬೀಫಾತುಮ್ಮನವರ ಬಾವಿಯಿಂದ ತಿಳಿನೀರು ಬಂತು. ಟ್ಯಾಂಕರು ಆ ಬೇಸಗೆ ನಮ್ಮ ಬದಿಗೆ ಬರಲಿಲ್ಲ. ಮಿಸ್ರಿಯಾ ಮೊದಲ ಕೊಡಪಾನ ನೀರನ್ನು ಎತ್ತಿ ಅಜ್ಜಿಯ ಕಾಲಿಗೆ ಹೊಯ್ದಳಂತೆ, ಅಜ್ಜಿ ಬೈದರಂತೆ, ಆಮೇಲೆ ಇಬ್ಬರೂ ಕೂತು ನಕ್ಕರಂತೆ. ಇನ್ನೊಂದು ವಿಷಯವನ್ನೂ ಹೇಳದೆ ಇರಲಾರೆ: ಆ ಬೇಸಗೆಯಲ್ಲಿ ತೋಡಿನ ಬದಿಯ ಪಂಪುಗಳಲ್ಲಿ ಅತಿ ಹೆಚ್ಚು ಹೊತ್ತು ನೀರೆತ್ತಿದ್ದು ಅಧ್ಯಕ್ಷರ ಪಂಪು. ಸಮಿತಿಯ ಒಪ್ಪಿಗೆಯಿಲ್ಲದೆ ಏರಿದ ಅಂತರ್ಜಲವನ್ನು ತಾವು ತತ್ತ್ವನಿಷ್ಠೆಯಿಂದ ನಿರಾಕರಿಸಿ, ತಮ್ಮ ಪಾಲಿನದ್ದನ್ನು ಕೆಳಕ್ಕೆ ವಾಪಸು ಕಳುಹಿಸಬಹುದಿತ್ತು. ಕಳುಹಿಸಲಿಲ್ಲ, ಅದು ತಮ್ಮ ದೊಡ್ಡತನ.

ಮೇ ತಿಂಗಳಲ್ಲಿ ಪುತ್ತೂರಿನ ಒಂದು ಸಂಘಟನೆಯವರು ತಮ್ಮನ್ನು ‘ಜಲಬಂಧು’ ಎಂದು ಕರೆದು, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ‘ಬಾಳೆಗುಂಡಿ ಕಟ್ಟವು ನಮ್ಮ ಸಮಿತಿಯ ನಿರಂತರ ಚಿಂತನೆಯ ಫಲ’ ಎಂದು ತಾವು ಹೇಳಿದಾಗ ನಾನು ಮೂರನೆಯ ಸಾಲಿನಲ್ಲಿದ್ದೆ. ಚಿಂತನೆ ನಿರಂತರವಾಗಿತ್ತೆಂಬುದಕ್ಕೆ ನಾನೇ ಸಾಕ್ಷಿ, ಅದು ಈಗಲೂ ಮುಗಿದಿಲ್ಲ. ಮುಂದುವರಿದು ತಾವು, “ಇಂದಿನ ಯುವಕರಿಗೆ ಮೊಬೈಲ್ ಬಿಟ್ಟರೆ ಬೇರೆ ಪ್ರಪಂಚವಿಲ್ಲ” ಎಂದು ಮರುಗಿದಿರಿ. ಆ ಹೊತ್ತಿಗೆ ಭವಿತಾ ನಿಜಕ್ಕೂ ಮೊಬೈಲ್ ಹಿಡಿದುಕೊಂಡಿದ್ದಳು. ತಮ್ಮ ಭಾಷಣದ ವಿಡಿಯೋ ಮಾಡುತ್ತಿದ್ದಳು, ತಾವೇ ಬೆಳಗ್ಗೆ ಹೇಳಿದ್ದಿರಿ. ಆ ಮಾತು ಬಂದಾಗಲೂ ಅವಳ ಕೈ ಅಲುಗಲಿಲ್ಲ, ವಿಡಿಯೋ ಚೆನ್ನಾಗಿ ಬಂದಿದೆ. ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಅವಳಿಗೆ, “ಬೇಜಾರಾಯ್ತಾ?” ಎಂದು ಕೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಾ, “ಅಪ್ಪನಿಗೆ ಒಮ್ಮೆ ನಮ್ಮ ಹೆಸರು ಹೇಳಬಹುದಿತ್ತು ಅಮ್ಮ. ನನ್ನದು ಬೇಡ. ಆಶಿಕ್‌ದು, ಮಿಸ್ರಿಯಾಳದು ಹೇಳಬಹುದಿತ್ತು” ಎಂದಳು. ಕುಂಬ್ರ ದಾಟುವಾಗ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನನಗೆ ಮನೆ ಬರುವವರೆಗೂ ನಿದ್ದೆ ಬರಲಿಲ್ಲ.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ಕೆಲವು ವಿನಂತಿಗಳಿವೆ. ಬೀಫಾತುಮ್ಮನವರ ಬಾವಿಗೆ ಒಂದು ನೋಟೀಸು ಕಳುಹಿಸಿ, ಅದು ಯಾರ ಚಿಂತನೆಯ ಫಲವಾಗಿ ತುಂಬಿತೆಂದು ವಿವರಣೆ ಕೇಳಬೇಕು. ಬಾವಿ ತಮ್ಮ ಹೆಸರು ಹೇಳಿದರೆ ನಾನು ಈ ಪತ್ರವನ್ನು ವಾಪಸು ಪಡೆಯುತ್ತೇನೆ. ಬಾಳೆಗುಂಡಿ ತೋಡು ಇನ್ನು ಮುಂದೆ ಮಹಾಸಭೆಯ ಕೋರಂ ಆಗುವವರೆಗೆ ಹರಿಯದೆ ಕಾದು ನಿಲ್ಲುವಂತೆ ಆದೇಶ ಹೊರಡಿಸಬೇಕು, ಆಗ ಕಟ್ಟದ ಅಗತ್ಯವೇ ಬೀಳುವುದಿಲ್ಲ. ಮತ್ತು ಯುವಜನರಿಗೆ ಬೇಗನೆ ಅರುವತ್ತು ವರ್ಷ ತುಂಬಿಸುವ ಯಾವುದಾದರೂ ಯೋಜನೆ ಇಲಾಖೆಯಲ್ಲಿದ್ದರೆ ಅದಕ್ಕೂ ಒಂದು ಮನವಿ ಕೊಡಬೇಕು, ವೇದಿಕೆಯಲ್ಲಿ ಅವರಿಗೆ ಜಾಗ ಸಿಗುವ ಬೇರೆ ದಾರಿ ನನಗೆ ತೋಚುವುದಿಲ್ಲ.

ಇವು ಯಾವುದೂ ಸಾಧ್ಯವಾಗದಿದ್ದರೆ ಸುಲಭದ್ದೊಂದು ಉಂಟು. ಈ ವರ್ಷದ ಮಳೆ ನಿಂತಿದೆ. ಬರುವ ಭಾನುವಾರ ಬೆಳಗ್ಗೆ ಮಕ್ಕಳು ಪುನಃ ಕಟ್ಟ ಕಟ್ಟುತ್ತಾರೆ. ಮನೆಗೊಬ್ಬರು ಬರಬೇಕೆಂದು ಹೇಳಿದ್ದಾರೆ. ನಮ್ಮ ಮನೆಯಿಂದ ಭವಿತಾಳೂ ನಾನೂ ಹೇಗೂ ಹೋಗುತ್ತೇವೆ, ಆದ್ದರಿಂದ ತಾವು ಬರಲೇಬೇಕೆಂಬ ನಿಯಮವಿಲ್ಲ. ನಿಯಮವಿಲ್ಲದೆಯೂ ಒಂದು ಕಡೆಗೆ ಹೋಗಬಹುದೆಂದು ತಮಗೆ ತಿಳಿಸಲು ಇಷ್ಟೆಲ್ಲ ಬರೆಯಬೇಕಾಯಿತು. ತಾವು ಹಿಡಿದ ಚೀಲದ ಇನ್ನೊಂದು ತುದಿಯನ್ನು ತಾನು ಹಿಡಿಯುತ್ತೇನೆಂದು ಆಶಿಕ್ ಹೇಳಿದ್ದಾನೆ.

ಈಚೆಗೆ ತುಸು ಸೋರುತ್ತಿದ್ದರೂ ಪೂರ್ತಿ ಒಡೆಯದ,
ತಮ್ಮ ವಿಶ್ವಾಸಿ,
ಶೀಲಾವತಿ

ವಿ.ಸೂ.: ಮುಂದಿನ ತಿಂಗಳ ಮಹಾಸಭೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಾನು ಭವಿತಾಳ ಹೆಸರನ್ನು ಸೂಚಿಸುವವಳಿದ್ದೇನೆ. ಅನುಮೋದಿಸಲು ಬೀಫಾತುಮ್ಮ ತಯಾರಿದ್ದಾರೆ. ಆದರೆ ಅನುಮೋದಿಸುವ ಆ ಗೌರವವನ್ನು ಮೊದಲು ಅಪ್ಪನಿಗೆ ಕೊಟ್ಟು ನೋಡಬೇಕೆಂದು ಭವಿತಾ ಹಟ ಹಿಡಿದಿದ್ದಾಳೆ. ನನಗಂತೂ ಅಷ್ಟೊಂದು ಮರ್ಯಾದೆ ಅಗತ್ಯವೆಂದು ಕಾಣಲಿಲ್ಲ.